ಕೆಲಸ ಕೇಳಬೇಡಿ, ಕೆಲಸದ ಕುರಿತು ಕೇಳಿ

(ಚಿತ್ರದುರ್ಗದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿರುವ ನಿಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ಈಗ ಚರ್ಚೆಯಾಗುತ್ತಿರುವುದು ಒಂದೇ ಪ್ರಶ್ನೆ. ಎಸ್ಸೆಸ್ಸೆಲ್ಸಿ ಮುಗಿಯಿತು, ಪಿಯುಸಿ ಮುಗಿಯಿತು, ಮುಂದೇನು? ಈ ಪ್ರಶ್ನೆಗೆ ಉತ್ತರ ಹೇಳಲು ನಾವು ಇಲ್ಲಿ ನಿಂತಿಲ್ಲ. ನಿಮ್ಮ ಮಗ ಇಂಜಿನಿಯರ್ ಆಗಬೇಕೋ ವಕೀಲನಾಗಬೇಕೋ ಎಂದು ವೇದಿಕೆಯ ಮೇಲಿಂದ ಹೇಳಬಲ್ಲವರು ಯಾರೂ ಇಲ್ಲ. ಆದರೆ ಆ ಉತ್ತರವನ್ನು ಯಾರ ಬಳಿ ಹುಡುಕಬೇಕು, ಹೇಗೆ ಹುಡುಕಬೇಕು ಎಂಬ ಬಗ್ಗೆ ಒಂದಿಷ್ಟು ಮಾತುಗಳನ್ನು ಹಂಚಿಕೊಳ್ಳಬಹುದು.

ಇಂದು ನಮ್ಮ ಮನೆಗಳಲ್ಲಿ ಈ ತೀರ್ಮಾನ ಹೇಗಾಗುತ್ತಿದೆ? ಫಲಿತಾಂಶ ಬಂದ ವಾರ ಮದುವೆ ಹಾಲ್‌ನಲ್ಲಿ ಸಂಬಂಧಿಕರೊಬ್ಬರು ಸಿಗುತ್ತಾರೆ. 'ಫಲಾನಾ ಕೋರ್ಸ್ ಮಾಡಿಸಿ ಭಾಯ್, ಗಲ್ಫ್‌ನಲ್ಲಿ ಒಳ್ಳೆಯ ಡಿಮಾಂಡ್ ಇದೆ' ಎನ್ನುತ್ತಾರೆ. ಆ ಕೋರ್ಸ್ ಅವರೂ ಮಾಡಿದವರಲ್ಲ, ಅವರ ಮಗನೂ ಮಾಡಿದವನಲ್ಲ. ಅವರಿಗೆ ಬೇರೊಬ್ಬರು ಹೇಳಿರುತ್ತಾರೆ. ಮರುದಿನ ಬೆಂಗಳೂರಿನಿಂದ ಸೀಟು ಕೊಡಿಸುವ ಏಜೆಂಟನ ಫೋನು ಬರುತ್ತದೆ. 'ಎರಡೇ ಸೀಟು ಉಳಿದಿವೆ, ಇಂದೇ ಮುಂಗಡ ಕಟ್ಟಿ' ಎನ್ನುತ್ತಾನೆ. ತಾಯಿಯ ಬಳೆ ಅಡವಿಗೆ ಹೋಗುತ್ತದೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಆ ಕಾಲೇಜಿಗೆ ಸಂಬಂಧಪಟ್ಟ ಕೌನ್ಸಿಲ್‌ನ ಮಾನ್ಯತೆಯೇ ಇಲ್ಲವೆಂದೋ, ಆ ಕೆಲಸಕ್ಕೆ ಬೇರೆಯೇ ಪರೀಕ್ಷೆ ಬರೆಯಬೇಕೆಂದೋ ತಿಳಿಯುತ್ತದೆ. ಹುಡುಗ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ಅವನ ತಮ್ಮನನ್ನು ಓದಿಸುವ ಉತ್ಸಾಹ ತಂದೆಗೆ ಉಳಿಯುವುದಿಲ್ಲ. ಇಂತಹ ಮನೆಯೊಂದು ನಿಮ್ಮೆಲ್ಲರ ಬೀದಿಯಲ್ಲೂ ಇದೆ.

ಸೋಜಿಗವೇನೆಂದರೆ, ಒಂದು ಎಮ್ಮೆ ಕೊಳ್ಳುವಾಗ ನಾವು ಇಷ್ಟು ಅಜಾಗರೂಕರಾಗಿರುವುದಿಲ್ಲ. ನಾಲ್ಕು ಮನೆ ತಿರುಗಿ, ಹಲ್ಲು ನೋಡಿ, ಹಾಲು ಕರೆಸಿ ನೋಡಿ ಕೊಳ್ಳುತ್ತೇವೆ. ಮಗಳಿಗೆ ಸಂಬಂಧ ಬಂದರೆ ಹುಡುಗನ ಊರಿಗೆ ಹೋಗಿ, ನೆರೆಹೊರೆಯವರನ್ನು ಕಂಡು ವಿಚಾರಿಸುತ್ತೇವೆ. ಮಗುವಿನ ಮೂವತ್ತು ನಲವತ್ತು ವರ್ಷಗಳ ದುಡಿಮೆಯ ವಿಷಯದಲ್ಲಿ ಮಾತ್ರ ವಿಚಾರಿಸದೆ ಕೈ ಹಾಕುತ್ತೇವೆ.

ಕೇಳಿ ತಿಳಿಯುವ ಕ್ರಮ

ಇದಕ್ಕೆ ಸರಳವಾದ ಪರಿಹಾರವೊಂದಿದೆ. ಪಾಶ್ಚಾತ್ಯ ದೇಶಗಳಲ್ಲಿ ಅದನ್ನು ಇನ್ಫರ್ಮೇಷನಲ್ ಇಂಟರ್‌ವ್ಯೂ ಎನ್ನುತ್ತಾರೆ. ಮಾಹಿತಿ ಸಂದರ್ಶನ ಎಂದು ನಾವು ಕರೆಯೋಣ. ನೀವು ಮಾಡಬಯಸುವ ಕೆಲಸವನ್ನು ಈಗಾಗಲೇ ಮಾಡುತ್ತಿರುವ ವ್ಯಕ್ತಿಯ ಬಳಿ ಅರ್ಧ ಗಂಟೆಯ ಸಮಯ ಕೇಳಿ, ಎದುರು ಕುಳಿತು ಆ ಕೆಲಸದ ಒಳಹೊರಗನ್ನು ಕೇಳಿ ತಿಳಿಯುವುದೇ ಅದು. ಇಲ್ಲಿ ಪ್ರಶ್ನೆ ಕೇಳುವವರು ನೀವು, ಉತ್ತರಿಸುವವರು ಅವರು.

ಈ ಕ್ರಮಕ್ಕೆ ಹೆಸರು ಕೊಟ್ಟು ಜನಪ್ರಿಯಗೊಳಿಸಿದವರು ಅಮೇರಿಕದ ರಿಚರ್ಡ್ ಬೋಲ್ಸ್. ಅವರು ಚರ್ಚಿನ ಪಾದ್ರಿಯಾಗಿದ್ದವರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಹುದ್ದೆಯೇ ರದ್ದಾಯಿತು. ತಮ್ಮಂತೆಯೇ ಕೆಲಸ ಕಳೆದುಕೊಳ್ಳುತ್ತಿದ್ದ ಪಾದ್ರಿಗಳಿಗಾಗಿ ಅವರು 1970ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಕೈಪಿಡಿ ಮುದ್ರಿಸಿದರು. ಮುಂದೆ ಅದು ಜಗತ್ತಿನಾದ್ಯಂತ ಮಾರಾಟವಾದ ಉದ್ಯೋಗ ಮಾರ್ಗದರ್ಶಿ ಗ್ರಂಥವಾಯಿತು.

ಹೆಸರು ಹೊಸದಾದರೂ ಕ್ರಮ ನಮಗೆ ಹೊಸದಲ್ಲ. ಪ್ರವಾದಿ(ಸ)ರ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಎಲ್ಲವನ್ನೂ ಮಕ್ಕಾದಲ್ಲಿ ಬಿಟ್ಟು ಬರಿಗೈಯಲ್ಲಿ ಮದೀನಕ್ಕೆ ಬಂದ ಸಂದರ್ಭವನ್ನು ನೆನಪಿಸಿಕೊಳ್ಳಿ. ಅವರ ಸಹೋದರರಾಗಿ ನಿಯುಕ್ತರಾಗಿದ್ದ ಅನ್ಸಾರಿ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗಾಗಿ ಪ್ರಾರ್ಥಿಸಿದರು, ಸಂಪತ್ತನ್ನು ಸ್ವೀಕರಿಸಲಿಲ್ಲ. ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು ಮಾತ್ರ. ತುಪ್ಪ ಮತ್ತು ಗಿಣ್ಣಿನ ವ್ಯಾಪಾರದಿಂದ ಆರಂಭಿಸಿ ಅವರು ಮದೀನಾದ ದೊಡ್ಡ ವರ್ತಕರಲ್ಲೊಬ್ಬರಾದರು. ಆ ಅಪರಿಚಿತ ನಗರದಲ್ಲಿ ಅವರಿಗೆ ಬೇಕಾಗಿದ್ದುದು ಮಾಹಿತಿ. ಉಳಿದುದನ್ನು ಅವರ ದುಡಿಮೆಯೇ ಗಳಿಸಿತು.

ನಮ್ಮ ಯುವಕರು ಇದಕ್ಕೆ ವಿರುದ್ಧವಾಗಿ ನಡೆಯುತ್ತಿದ್ದಾರೆ. ಪರಿಚಯದ ಅಧಿಕಾರಿಯೊಬ್ಬರು ಇದ್ದಾರೆಂದು ತಿಳಿದೊಡನೆ ಅಂಕಪಟ್ಟಿಯ ಜೆರಾಕ್ಸ್ ಹಿಡಿದು, ಊರಿನ ಮುಖಂಡರೊಬ್ಬರನ್ನು ಜೊತೆಗೆ ಕರೆದುಕೊಂಡು, 'ಸಾರ್, ಏನಾದರೂ ಒಂದು ಕೆಲಸ ಕೊಡಿಸಿ' ಎಂದು ನಿಲ್ಲುತ್ತಾರೆ. ಅವರಿಗೆ ಕೆಲಸ ಕೊಡಿಸುವ ಅಧಿಕಾರವಿರುವುದಿಲ್ಲ. ಇಲ್ಲವೆನ್ನಲು ಮುಜುಗರ. ಆದ್ದರಿಂದ 'ನೋಡೋಣ' ಎನ್ನುತ್ತಾರೆ. ಎರಡನೆಯ ಬಾರಿ ಫೋನ್ ಎತ್ತುವುದಿಲ್ಲ. ಕೆಲಸ ಕೇಳಿದರೆ ಬಾಗಿಲು ಮುಚ್ಚುವ ಮನುಷ್ಯನೇ, 'ಸಾರ್, ನಿಮ್ಮ ಕೆಲಸದ ಬಗ್ಗೆ ತಿಳಿದುಕೊಳ್ಳಬೇಕೆಂದಿದ್ದೇನೆ' ಎಂದರೆ ಕುರ್ಚಿ ತೋರಿಸುತ್ತಾರೆ. ತಾನು ಕಷ್ಟಪಟ್ಟು ಕಲಿತುದನ್ನು ಎಳೆಯರು ಕೇಳಿದಾಗ ಹೇಳುವುದು ಬಹುತೇಕ ಜನರಿಗೆ ಸಂತೋಷದ ವಿಷಯ. ಕೆಲಸ ಕೇಳಬೇಡಿ, ಕೆಲಸದ ಕುರಿತು ಕೇಳಿ ಎಂಬುದೇ ನಮ್ಮ ಇಂದಿನ ಮಾತಿನ ತಿರುಳು.

ಯಾರ ಮಾತಿಗೆ ಬೆಲೆ?

ಮದ್ರಸದಲ್ಲಿ ಕಲಿಯುವಾಗ ನಮಗೆ ಕಲಿಸಿದ ಮೊದಲ ಶಿಸ್ತು ಸನದ್. ಒಂದು ಮಾತು ಎಷ್ಟೇ ಸೊಗಸಾಗಿರಲಿ, ಅದನ್ನು ಯಾರು ಯಾರಿಂದ ಕೇಳಿದರು, ನೇರವಾಗಿ ಕೇಳಿದರೇ, ಅವರು ನಂಬಲರ್ಹರೇ ಎಂದು ನೋಡದೆ ಅದನ್ನು ಸ್ವೀಕರಿಸುವಂತಿಲ್ಲ. ಒಂದೇ ಒಂದು ಹದೀಸನ್ನು ಪ್ರವಾದಿ(ಸ)ರಿಂದ ನೇರವಾಗಿ ಕೇಳಿದವರ ಬಾಯಿಂದಲೇ ಕೇಳಬೇಕೆಂದು ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂಟೆ ಖರೀದಿಸಿ, ಒಂದು ತಿಂಗಳು ಪ್ರಯಾಣಿಸಿ ಸಿರಿಯಾದಲ್ಲಿದ್ದ ಅಬ್ದುಲ್ಲಾ ಬಿನ್ ಉನೈಸ್(ರ)ರನ್ನು ಕಂಡರು. ಈ ಪರಂಪರೆಯ ವಾರಸುದಾರರಾದ ನಾವು ಮಕ್ಕಳ ಭವಿಷ್ಯದ ವಿಷಯದಲ್ಲಿ ಚಹಾ ಹೋಟೆಲಿನ ದುರ್ಬಲ ವರದಿಯನ್ನು ನಂಬುತ್ತೇವೆ! ಜಾಬಿರ್‌ರಂತೆ ತಿಂಗಳು ಪ್ರಯಾಣಿಸುವ ಅಗತ್ಯ ಇಲ್ಲ. ಹೊಳಲ್ಕೆರೆಯಿಂದ ಚಿತ್ರದುರ್ಗದ ನ್ಯಾಯಾಲಯಕ್ಕೆ ಬಸ್ಸಿನಲ್ಲಿ ಬಂದರೆ ಸಾಕು.

ಒಂದು ಕೆಲಸದ ಬಗ್ಗೆ ಒಬ್ಬರನ್ನಷ್ಟೇ ಕೇಳಿದರೆ ಸಾಲದು, ಮೂವರನ್ನು ಕೇಳಿ. ಒಬ್ಬರು ಆ ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದವರಾಗಿರಲಿ. ಇಂದಿನ ಶುಲ್ಕ, ಇಂದಿನ ಪರೀಕ್ಷೆ, ಆರಂಭದ ಸಂಬಳ ಗೊತ್ತಿರುವುದು ಅವರಿಗೆ. ಇನ್ನೊಬ್ಬರು ಹತ್ತು ಹದಿನೈದು ವರ್ಷ ದುಡಿದವರಾಗಿರಲಿ. ಬಡ್ತಿ, ಬದಲಾವಣೆ, ಮುಂದಿನ ದಾರಿ ಅವರಿಗೆ ಗೊತ್ತು. ಮೂರನೆಯವರು ಆ ಕೆಲಸವನ್ನು ಬಿಟ್ಟವರಾಗಿರಲಿ. ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಸಿಗುವ ಉತ್ತರ ಯಾವ ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲೂ ಸಿಗದು.

ನಮ್ಮ ಊರುಗಳಲ್ಲಿ ಕೇಳಲು ಯಾರಿದ್ದಾರೆ ಎಂದು ಕೆಲವರು ಕೇಳಬಹುದು. ಜಿಲ್ಲೆಯನ್ನು ಒಮ್ಮೆ ಕಣ್ಣು ತೆರೆದು ನೋಡಿ. ಜೋಗಿಮಟ್ಟಿಯ ಆಸುಪಾಸಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಮ್ಮ ಮಕ್ಕಳು ಹುಟ್ಟಿದಂದಿನಿಂದ ನೋಡುತ್ತಿದ್ದಾರೆ. ಅವುಗಳನ್ನು ದುರಸ್ತಿ ಮಾಡುವ ತಂತ್ರಜ್ಞ ಏನು ಓದಿದ್ದಾನೆ, ಐಟಿಐ ಸಾಕೇ, ಡಿಪ್ಲೊಮಾ ಬೇಕೇ ಎಂದು ಕೇಳಿದವರೆಷ್ಟು? ಹಿರಿಯೂರಿನಲ್ಲಿ ತೋಟಗಾರಿಕೆ ಕಾಲೇಜಿದೆ, ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೊಸದುರ್ಗದ ತೆಂಗು, ಅಡಿಕೆ, ದಾಳಿಂಬೆಯ ವ್ಯಾಪಾರದಲ್ಲಿ ನಮ್ಮವರಿದ್ದರೂ ಆ ಬೆಳೆಗಳ ವಿಜ್ಞಾನ ಓದಿದವರು ವಿರಳ. ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ಅಲ್ಲಿಯ ಸ್ಟೇಷನ್ ಮಾಸ್ತರರು ಯಾವ ಪರೀಕ್ಷೆ ಬರೆದು ಬಂದರೆಂಬುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಾಡಿ ಕಾಯುವ ಹುಡುಗ ಕೇಳಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳು, ತುಮಕೂರು-ದಾವಣಗೆರೆ ಹೊಸ ರೈಲು ಮಾರ್ಗ ಇವೆಲ್ಲ ಸರ್ವೆಯರುಗಳನ್ನೂ ಸಿವಿಲ್ ಇಂಜಿನಿಯರುಗಳನ್ನೂ ನಮ್ಮ ಹೊಸ್ತಿಲಿಗೇ ತಂದಿವೆ. ನೆರೆಯ ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. 2023ರ ಎಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು, ತಾನಾಗಿಯೇ ಇಳಿಯುವಂತೆ ಪರೀಕ್ಷಿಸಿದ್ದು ಅಲ್ಲಿಯೇ. ಅದೇ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇವೆಲ್ಲ ಪತ್ರಿಕೆಯಲ್ಲಿ ಓದಿ ಮಡಚಿಡುವ ಸುದ್ದಿಗಳಾಗಿಯೇ ನಮಗೆ ಉಳಿದಿವೆ.

ಇನ್ನೊಂದು ಉದಾಹರಣೆ ಹೇಳುತ್ತೇವೆ. 2020ರಲ್ಲಿ ನಿಧನರಾದ ಕೆ.ಎಸ್. ನಿಸಾರ್ ಅಹಮದರನ್ನು 'ನಿತ್ಯೋತ್ಸವ'ದ ಕವಿಯೆಂದು ನಾಡೆಲ್ಲ ಬಲ್ಲದು. ಅವರು ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ದಶಕಗಳ ಕಾಲ ಅದರ ಅಧ್ಯಾಪಕರಾಗಿದ್ದವರು ಎಂಬುದು ಎಷ್ಟು ಮಂದಿಗೆ ಗೊತ್ತು? ನಮ್ಮದು ಅದಿರಿನ ಜಿಲ್ಲೆ. ಇಂಗಳದಾಳಿನಲ್ಲಿ ಒಂದು ಕಾಲದಲ್ಲಿ ತಾಮ್ರ ತೆಗೆದರು. ಕಬ್ಬಿಣದ ಅದಿರು ಇಂದಿಗೂ ಹೋಗುತ್ತಿದೆ. ಆ ಅದಿರಿನ ಲಾರಿ ಓಡಿಸಿದವರು, ಲಾರಿಗೆ ಪಂಕ್ಚರ್ ಹಾಕಿದವರು ನಮ್ಮಲ್ಲಿ ಬಹಳ. ಅದಿರು ಎಲ್ಲಿದೆಯೆಂದು ಹೇಳುವ ಭೂವಿಜ್ಞಾನಿಯ ಬಳಿ ಕುಳಿತು ಮಾತಾಡಿದವರು ಕಡಿಮೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೆ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿದಾಗ ಸಾಲದ ಲಾರಿಗಳು ಮನೆ ಮುಂದೆ ನಿಂತದ್ದನ್ನು ನೀವು ಕಂಡಿದ್ದೀರಿ. ಹಾಗಾಗಿ ಯಾವ ಕೆಲಸದವರನ್ನು ಕಂಡರೂ, 'ಇನ್ನು ಹತ್ತು ವರ್ಷದಲ್ಲಿ ಈ ಕೆಲಸ ಏನಾಗಬಹುದು?' ಎಂಬ ಪ್ರಶ್ನೆಯನ್ನು ಮರೆಯಬಾರದು.

ದೂರದ ಪರಿಚಯದ ಬಲ

ಮೊಹಲ್ಲಾದ ಒಳಗೇ ಕೇಳುತ್ತಿದ್ದರೆ ಮೊಹಲ್ಲಾಕ್ಕೆ ಗೊತ್ತಿರುವುದಷ್ಟೇ ಗೊತ್ತಾಗುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಅಮೇರಿಕದ ಬೋಸ್ಟನ್ ಬಳಿಯ ಪಟ್ಟಣವೊಂದರಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಕಂಡುಕೊಂಡವರನ್ನು ವಿಚಾರಿಸಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸುದ್ದಿ ಕೊಟ್ಟ ಆ ಪರಿಚಿತರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂಬುದು ಅವರ ಪ್ರಶ್ನೆ. ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ 17ಕ್ಕಿಂತಲೂ ಕಡಿಮೆ. ಆಗೊಮ್ಮೆ ಈಗೊಮ್ಮೆ ಎಂದವರು 55ಕ್ಕಿಂತ ಹೆಚ್ಚು. ಅಪರೂಪಕ್ಕೆ ಎಂದವರು ಸುಮಾರು 28. ಕಾರಣ ಸ್ಪಷ್ಟವಾಗಿದೆ. ದಿನವೂ ಸಿಗುವ ಗೆಳೆಯನಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವ ದೂರದ ಪರಿಚಿತನಿಂದ. 2022ರಲ್ಲಿ ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಅಧ್ಯಯನವೂ, ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯಗಳೇ ಉದ್ಯೋಗಕ್ಕೆ ಹೆಚ್ಚು ನೆರವಾಗುತ್ತವೆಂದು ಕಂಡುಕೊಂಡಿತು.

ನಮಗೆ ಇದರಲ್ಲಿರುವ ಪಾಠ ಮಹತ್ವದ್ದು. ನಿಮ್ಮ ಮಗನಿಗೆ ದಾರಿ ಹೇಳುವವರು ನಿವೃತ್ತ ಮೇಷ್ಟ್ರೊಬ್ಬರಿರಬಹುದು, ಬ್ಯಾಂಕ್ ಮ್ಯಾನೇಜರ್ ಇರಬಹುದು, ನೀವು ವರ್ಷಗಳಿಂದ ಸಾಮಾನು ಮಾರುತ್ತಿರುವ ಗಿರಾಕಿ ಇರಬಹುದು. ಅವರು ಯಾವ ಧರ್ಮದವರು, ಯಾವ ಜಾತಿಯವರು ಎಂಬುದು ಇಲ್ಲಿ ವಿಷಯವಲ್ಲ. ಪರಸ್ಪರರ ಬಗ್ಗೆ ಟಿವಿ ಹೇಳಿದ್ದನ್ನು ಕೇಳಿ ಅಭಿಪ್ರಾಯ ಕಟ್ಟಿಕೊಳ್ಳುವ ಈ ದಿನಗಳಲ್ಲಿ, ಒಬ್ಬ ಮುಸ್ಲಿಮ್ ಹುಡುಗ ಒಬ್ಬ ಹಿಂದೂ ಇಂಜಿನಿಯರನ ಎದುರು ಅರ್ಧ ಗಂಟೆ ಕುಳಿತು ಕೆಲಸದ ಮಾತಾಡುವುದು ಇಬ್ಬರಿಗೂ ಒಳ್ಳೆಯದು.

ಹೋಗುವ ರೀತಿ, ಕೇಳುವ ರೀತಿ

ಹೋಗುವ ಮೊದಲು ಫೋನ್ ಮಾಡಿ ಅಥವಾ ಚಿಕ್ಕ ಪತ್ರ ಬರೆಯಿರಿ. ನಿಮ್ಮ ಹೆಸರು, ಊರು, ಓದುತ್ತಿರುವ ತರಗತಿ, ಅವರ ಹೆಸರನ್ನು ಯಾರು ಹೇಳಿದರು ಎಂಬುದನ್ನು ತಿಳಿಸಿ, 'ಕೆಲಸಕ್ಕಾಗಿ ಬರುತ್ತಿಲ್ಲ, ಅರ್ಧ ಗಂಟೆ ನಿಮ್ಮ ಅನುಭವ ಕೇಳಬೇಕಾಗಿದೆ' ಎಂದು ಸ್ಪಷ್ಟವಾಗಿ ಹೇಳಿ. ಗುಂಪು ಕಟ್ಟಿಕೊಂಡು ಹೋಗಬೇಡಿ. ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ತಲುಪಿ. ಅಂಕಪಟ್ಟಿ ಒಯ್ಯಬೇಡಿ, ನೋಟ್‌ಪುಸ್ತಕ ಒಯ್ಯಿರಿ. ಸಾರ್ವಜನಿಕವಾಗಿ ಸಿಗುವ ಮಾಹಿತಿಯನ್ನು ಮೊದಲೇ ಓದಿಕೊಳ್ಳಿ. ಕಾನೂನು ಪದವಿ ಪಿಯುಸಿ ನಂತರ ಐದು ವರ್ಷ, ಪದವಿಯ ನಂತರ ಮೂರು ವರ್ಷ ಎಂಬುದನ್ನು ವಕೀಲರಲ್ಲಿ ಕೇಳಿ ಸಮಯ ಕಳೆಯಬೇಡಿ. ಪದವಿ ಮುಗಿಸಿ ಸನ್ನದು ಪಡೆದ ಮೇಲೆ ಹಿರಿಯ ವಕೀಲರ ಕಚೇರಿಯಲ್ಲಿ ಎಷ್ಟು ವರ್ಷ ಕೂರಬೇಕು, ಆ ವರ್ಷಗಳಲ್ಲಿ ಮನೆ ಹೇಗೆ ನಡೆಯುತ್ತದೆ ಎಂದು ಕೇಳಿ. ಇದನ್ನು ವಕೀಲರಷ್ಟೇ ಹೇಳಬಲ್ಲರು.

ಪ್ರಶ್ನೆಗಳು ನೇರವಾಗಿರಲಿ. ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೀವು ಏನೇನು ಮಾಡಿದಿರಿ? ಈ ಕೆಲಸದಲ್ಲಿ ಬೇಸರ ತರುವುದು ಯಾವುದು? ನೀವು ಓದಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು? ಈ ಕೋರ್ಸಿಗೆ ಯಾವ ಕೌನ್ಸಿಲ್‌ನ ಮಾನ್ಯತೆ ಇರಬೇಕು? ಇಂಗ್ಲಿಷ್ ಎಷ್ಟು ಬೇಕು? 'ನಿಮ್ಮ ಸಂಬಳವೆಷ್ಟು' ಎಂದು ಕೇಳುವುದು ಸಭ್ಯತೆಯಲ್ಲ. 'ಹೊಸಬರಿಗೆ ಸಾಮಾನ್ಯವಾಗಿ ಎಷ್ಟು ಸಿಗುತ್ತದೆ' ಎಂದು ಕೇಳಬಹುದು. ಕೊನೆಯ ಪ್ರಶ್ನೆ ಅತಿಮುಖ್ಯ: 'ಈ ಬಗ್ಗೆ ನಾನು ಇನ್ನು ಯಾರನ್ನು ಕಾಣಬೇಕು?' ಒಬ್ಬರು ಇಬ್ಬರ ಹೆಸರು ಹೇಳಿದರೆ, ಆ ಇಬ್ಬರು ನಾಲ್ವರ ಹೆಸರು ಹೇಳುತ್ತಾರೆ. ಪರಿಚಯ ಬೆಳೆಯುವುದು ಹೀಗೆ.

ಅರ್ಧ ಗಂಟೆಯಾದೊಡನೆ ಎದ್ದು ನಿಲ್ಲಿ. ಮರುದಿನ ಕೃತಜ್ಞತೆಯ ಎರಡು ಸಾಲು ಕಳಿಸಿ. ಆರು ತಿಂಗಳ ನಂತರ, 'ನೀವು ಹೇಳಿದಂತೆ ಡಿಪ್ಲೊಮಾ ಸೇರಿದೆ' ಎಂದು ತಿಳಿಸಿ. ಕೆಲಸ ಕೇಳದೆ ಹೋದ ಹುಡುಗ ನೆನಪಿನಲ್ಲಿ ಉಳಿಯುತ್ತಾನೆ. ಎಂದಾದರೂ ಹುದ್ದೆ ಖಾಲಿಯಾದರೆ ಅವರೇ ಸುದ್ದಿ ಕೊಡಬಹುದು. ಕೊಡದಿದ್ದರೂ ನಷ್ಟವಿಲ್ಲ, ನೀವು ಕೇಳಲು ಹೋದದ್ದು ಸಿಕ್ಕಿದೆ.

ಹೆಣ್ಣು ಮಕ್ಕಳ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗಳು ನರ್ಸಿಂಗ್ ಓದುತ್ತೇನೆ, ಫಾರ್ಮಸಿ ಓದುತ್ತೇನೆ ಎಂದಾಗ 'ಬೇಡ' ಎನ್ನುವ ಮೊದಲು ಆ ಕೆಲಸದಲ್ಲಿರುವ ಮಹಿಳೆಯೊಬ್ಬರನ್ನು ಮಗಳೊಂದಿಗೆ ತಾಯಿಯೂ ಹೋಗಿ ಕಾಣಲಿ. ರಾತ್ರಿ ಪಾಳಿ ತಿಂಗಳಿಗೆ ಎಷ್ಟು, ಹಾಸ್ಟೆಲ್ ಹೇಗಿದೆ, ಮನೆಗೆ ಮರಳಲು ವಾಹನ ಉಂಟೇ, ತಲೆವಸ್ತ್ರಕ್ಕೆ ಅಡ್ಡಿಯುಂಟೇ, ಮದುವೆಯ ನಂತರ ಮುಂದುವರಿಸಿದವರು ಹೇಗೆ ಮುಂದುವರಿಸಿದರು ಎಂದು ಕೇಳಲಿ. ನಮ್ಮ ಎಷ್ಟೋ ನಿರಾಕರಣೆಗಳ ಹಿಂದೆ ಇರುವುದು ಧರ್ಮವಲ್ಲ, ತಿಳಿಯದ ಸ್ಥಳದ ಭಯ. ಕೇಳಿ ತಿಳಿದ ಮೇಲೆ ಬೇಡವೆನಿಸಿದರೆ ಅದು ತೀರ್ಮಾನ. ಕೇಳದೆ ಬೇಡವೆನ್ನುವುದು ಅನ್ಯಾಯ.

ಮದ್ರಸದ ವಿದ್ಯಾರ್ಥಿಗಳೂ ಇದರಿಂದ ಹೊರತಲ್ಲ. ಅಲೀಗಢ, ಜಾಮಿಯಾ ಮಿಲ್ಲಿಯಾ, ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯಗಳು ತಾವು ಮಾನ್ಯ ಮಾಡಿದ ಮದ್ರಸಗಳ ಪ್ರಮಾಣ ಪತ್ರಗಳ ಮೇಲೆ ಕೆಲವು ಕೋರ್ಸ್‌ಗಳಿಗೆ ಪ್ರವೇಶ ನೀಡುತ್ತವೆ. ತಮ್ಮ ಮದ್ರಸ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಓದು ಮುಗಿದ ಮೇಲಲ್ಲ, ಸೇರುವಾಗಲೇ ವಿಚಾರಿಸಬೇಕು. ಅನುವಾದ, ಪತ್ರಿಕೋದ್ಯಮ, ಅಧ್ಯಾಪನಗಳಲ್ಲಿ ದುಡಿಯುತ್ತಿರುವ ಆಲಿಮರನ್ನು ಹುಡುಕಿ ಮಾತಾಡಬೇಕು.

ಸರಕಾರದ ಹೊಣೆ, ಜಮಾಅತಿನ ಹೊಣೆ

ಎಲ್ಲ ತಪ್ಪನ್ನೂ ನಮ್ಮ ಮೇಲೇ ಹೊರಿಸಿ ಸರಕಾರವನ್ನು ಬಿಟ್ಟುಬಿಡುವ ಉದ್ದೇಶ ನಮ್ಮದಲ್ಲ. 2006ರ ಸಾಚಾರ್ ಸಮಿತಿಯ ವರದಿ ದೇಶದ ಜನಸಂಖ್ಯೆಯಲ್ಲಿ ಶೇಕಡಾ 13.4 ಇದ್ದ ಮುಸ್ಲಿಮರ ಪಾಲು ಐಎಎಸ್‌ನಲ್ಲಿ ಶೇಕಡಾ 3, ಐಪಿಎಸ್‌ನಲ್ಲಿ ಶೇಕಡಾ 4 ಎಂದು ದಾಖಲಿಸಿತು. ಹೆಸರು ನೋಡಿ ಅರ್ಜಿ ಪಕ್ಕಕ್ಕಿಡುವವರು ಇಲ್ಲವೆಂದು ಯಾರೂ ಹೇಳಲಾರರು. ಮಾಹಿತಿ ಸಂದರ್ಶನದಿಂದ ತಾರತಮ್ಯ ಅಳಿಯುವುದಿಲ್ಲ. ಅದರ ವಿರುದ್ಧದ ಹೋರಾಟ ಬೇರೆಯೇ ಇದೆ, ಅದು ಮುಂದುವರಿಯಬೇಕು. ಆದರೆ ಅರ್ಜಿ ಹಾಕುವ ಹುದ್ದೆಯ ಹೆಸರೇ ಗೊತ್ತಿಲ್ಲದವನು ತಾರತಮ್ಯದ ಬಾಗಿಲವರೆಗೂ ತಲುಪಿರುವುದಿಲ್ಲ.

ಸರಕಾರದಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಪ್ರತಿ ತಾಲೂಕಿನ ಅಲ್ಪಸಂಖ್ಯಾತ, ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳ ವಿದ್ಯಾರ್ಥಿ ನಿಲಯಗಳಲ್ಲಿ ತಿಂಗಳಿಗೊಮ್ಮೆ, ಒಂದೊಂದು ವೃತ್ತಿಯವರನ್ನು ಕರೆಸಿ ಮಕ್ಕಳು ಪ್ರಶ್ನೆ ಕೇಳುವ ವ್ಯವಸ್ಥೆ ಇರಲಿ. ಇದು ಮುಸ್ಲಿಮರ ಸಮಸ್ಯೆ ಮಾತ್ರವಲ್ಲ. ಗೊಲ್ಲರಹಟ್ಟಿಯಿಂದ, ಲಂಬಾಣಿ ತಾಂಡಾದಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದ ಮಗುವಿಗೂ ಮನೆಯಲ್ಲಿ ಕೇಳಲು ಯಾರೂ ಇಲ್ಲ. ಒಟ್ಟಾಗಿ ಕೇಳಿದರೆ ಧ್ವನಿಗೆ ತೂಕ ಬರುತ್ತದೆ.

ನಮ್ಮ ಜಮಾಅತ್‌ಗಳಿಗೆ ಒಂದು ಸಲಹೆ. ಮಸೀದಿ ಕಮಿಟಿಯ ಬಳಿ ಚಂದಾ ಕೊಡುವ ಮನೆಗಳ ರಿಜಿಸ್ಟರ್ ಇದ್ದೇ ಇರುತ್ತದೆ. ಅದರಲ್ಲಿ ಇನ್ನೆರಡು ಕಾಲಂ ಹಾಕಿ: ಈ ಮನೆಯಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೆ? ಮಕ್ಕಳೊಂದಿಗೆ ಅರ್ಧ ಗಂಟೆ ಮಾತಾಡಲು ಅವರು ಸಿದ್ಧರಿದ್ದಾರೆಯೇ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಈ ನಾಲ್ಕೂ ಊರಿನವರು ಪಟ್ಟಿಗಳನ್ನು ಪರಸ್ಪರ ಹಂಚಿಕೊಂಡರೆ, ಹೊಸದುರ್ಗದ ಹುಡುಗಿಗೆ ಚಿತ್ರದುರ್ಗದ ಫಾರ್ಮಸಿಸ್ಟ್ ಸಿಗುತ್ತಾರೆ. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ.

ಕೆಲಸದಲ್ಲಿ ನೆಲೆಯೂರಿರುವ ಸಹೋದರ ಸಹೋದರಿಯರೇ, ನಿಮ್ಮ ಮೇಲೂ ಹೊಣೆಯಿದೆ. ಮೇಲೇರಿದವರು ಏಣಿಯನ್ನು ಎಳೆದುಕೊಳ್ಳಬಾರದು. ಮಗುವೊಂದು ಬಂದಾಗ ದೊಡ್ಡ ಉಪದೇಶ ಬೇಡ, ನಿಮ್ಮ ಸಾಧನೆಯ ಕಥೆಯೂ ಬೇಡ. ಉಳ್ಳದ್ದನ್ನು ಉಳ್ಳ ಹಾಗೆ ಹೇಳಿ. ನಿಮಗೆ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ತಿಳಿದವರ ಹೆಸರು ಕೊಡಿ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ಹಾಳೆಯಲ್ಲಿ ನಿಮಗೆ ಇಷ್ಟವಾದ ಒಂದು ಕೆಲಸವನ್ನು ಬರೆಯಿರಿ. ಅದರ ಕೆಳಗೆ ಆ ಕೆಲಸ ಮಾಡುವ ಮೂವರ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ, ಗೊತ್ತಿರಬಹುದಾದವರ ಹೆಸರು ಬರೆಯಿರಿ. ಬರುವ ಜುಮಾದೊಳಗೆ ಅವರಲ್ಲೊಬ್ಬರಿಗೆ ಫೋನ್ ಮಾಡಿ. ಮುಂಗಡ ಕಟ್ಟಲು ಏಜೆಂಟ್ ಅವಸರಪಡಿಸಿದರೆ, 'ಮೂವರನ್ನು ಕೇಳಿ ಹೇಳುತ್ತೇವೆ' ಎನ್ನಿ.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಹಲಾಲ್ ದುಡಿಮೆಯ ದಾರಿಯನ್ನು ಸುಗಮಗೊಳಿಸಲಿ. ವಸ್ಸಲಾಮ್.